ಜಪಾನಿಗೆ ಹೋಪ ಕೂಸಿಗೆ ತೋಟ ಅಡವಿಡದು ಬ್ಯಾಡ

ನಮ್ಮ ಹೊನ್ನಾವರ, ಕುಮಟೆ ಬದಿಗೆ ಎಂ.ಎ. ಇಕನಾಮಿಕ್ಸ್ ಮಾಡಿದ ಕೂಸುಗ ಈಗ ರಾಶಿ ಇದ್ದ. ಕೆಲ್ಸ ಹೇಳಿರೆ ಹೆಚ್ಚಿನವಕ್ಕೆ ಅತಿಥಿ ಉಪನ್ಯಾಸಕಿ. ಬಪ್ಪ ವರ್ಷ ಇದ್ದೋ ಇಲ್ಯೋ ಗೊತ್ತಿಲ್ಲೆ. ಅದ್ಕೇ ನಮ್ಮ ಅಕ್ಕನ ಮಗಳು ಜಪಾನಿನ ಯೂನಿವರ್ಸಿಟಿಲಿ ಪಾಠ ಮಾಡೋ ಕೆಲ್ಸ ಹುಡುಕ್ತಿ ಹೇಳಿ ಹೊರಟಿದ್ದು. ಮನೆಲಿ ಎರಡು ಪಕ್ಷ ಆಯ್ದು. "ಮದುವೆ ವಯಸ್ಸಿನ ಕೂಸು, ಅಷ್ಟು ದೂರ ಎಂತಕ್ಕೆ?" ಹೇಳಿ ಕೆಲವ್ರು. "ಫೀ ಕಟ್ಟಲೆ ತೋಟದ ಮೇಲೆ ಸಾಲ ತೆಗದ್ರಾತು" ಹೇಳಿ ಇನ್ನು ಕೆಲವ್ರು. ಎರಡೂ ಸರಿಯಲ್ಲ ಹೇಳಿ ಯನ್ನ ಅಭಿಪ್ರಾಯ.

ಬರೀ ಎಂ.ಎ. ಹಿಡ್ಕಂಡು ಹೋದ್ರೆ ಅಲ್ಲಿ ಪಾಠದ ಕೆಲ್ಸ ಸಿಗದು ಕಷ್ಟ. ಪಿಎಚ್.ಡಿ., ಪ್ರಕಟ ಆದ ಲೇಖನ ಕೇಳ್ತ. ಆದ್ರೆ ಆ ಪಿಎಚ್.ಡಿ.ನ ಅಲ್ಲೇ ಮಾಡಲಾಗ್ತು. ಜಪಾನ್ ಸರ್ಕಾರದ ಮೆಕ್ಸ್ಟ್ ಸ್ಕಾಲರ್‌ಶಿಪ್ ಸಿಕ್ಕಿರೆ ಫೀ ಇಲ್ಲೆ, ವಿಮಾನದ ಖರ್ಚು ಅವರದ್ದೇ, ತಿಂಗ್ಳಿಗೆ ಸುಮಾರು 1,44,000 ಯೆನ್ ಕೊಡ್ತ. ವಯಸ್ಸು 35ರ ಒಳಗಿರವು, ಎಂತ ಸಂಶೋಧನೆ ಮಾಡ್ತಿ ಹೇಳಿ ಚೊಲೊ ಮಾಡಿ ಬರೆಯವು. ಬೆಂಗಳೂರಲ್ಲೇ ಜಪಾನಿನ ಕಾನ್ಸುಲೇಟ್ ಇದ್ದು, ಅಲ್ಲಿ ವಿಚಾರಿಸಲಾಗ್ತು. ಸ್ಪರ್ಧೆ ಜೋರಿದ್ದು. ಒಂದು ವರ್ಷ ಸಿಗದೇ ಇದ್ರೆ ಮರುವರ್ಷ ಅರ್ಜಿ ಹಾಕದು, ಸಾಲ ಮಾಡದಲ್ಲ.

ಪಿಎಚ್.ಡಿ. ಆಗಿ 6 ವರ್ಷ ದಾಟದೇ ಇದ್ದವಕ್ಕೆ ಜೆಎಸ್‌ಪಿಎಸ್ ಹೇಳಿ ಫೆಲೋಶಿಪ್ ಇದ್ದು. ಎರಡು ವರ್ಷದವರೆಗೆ ಸಿಕ್ತು. ಅಲ್ಲಿಯ ಪ್ರೊಫೆಸರ್ ಒಬ್ರು ಒಪ್ಪಿಕೊಳ್ಳವು. ಕೆಲ್ಸದ ಜಾಹೀರಾತೆಲ್ಲ ಜೆರೆಕ್-ಇನ್ ಹೇಳೋ ಸರ್ಕಾರಿ ಸಂಸ್ಥೆಯ ಜಾಲತಾಣದಲ್ಲಿ ಪುಕ್ಕಟೆ ಕಾಣ್ತು. ಅದ್ಕೆ ಏಜೆಂಟನ ಕೈಗೆ ಒಂದು ಪೈಸೆನೂ ಕೊಡಡಿ.

ಇಂಗ್ಲಿಷ್ ಸಾಕು ಹೇಳ್ತ. ಬೆಪ್ಪುವಿನ ಏಷ್ಯಾ ಪೆಸಿಫಿಕ್ ಯೂನಿವರ್ಸಿಟಿ, ನೀಗಾತದ ಇಂಟರ್‌ನ್ಯಾಷನಲ್ ಯೂನಿವರ್ಸಿಟಿ ಅಂಥಲ್ಲಿ ಪಾಠಕ್ಕೆ ಸಾಕಾದೀತು. ಆದ್ರೆ ಮನೆ ಬಾಡಿಗೆ ಕರಾರು, ಡಾಕ್ಟರ ಹತ್ರ ಹೋಪದು, ಆಫೀಸಿನ ಕಾಗದ ಇದೆಲ್ಲ ಜಪಾನಿಯಲ್ಲೇ. ಹೊರಡೋ ಮೊದ್ಲೇ ಒಂದು ವರ್ಷ ಭಾಷೆ ಕಲಿಯವು.

ಇನ್ನೊಂದು ವಿಷ್ಯ. ಗಂಟೆ ಲೆಕ್ಕದಲ್ಲಿ ಪಾಠ ಮಾಡವು ಅಲ್ಲೂ ಇದ್ದ. ಅವಧಿಯ ಕರಾರಿನ ಹುದ್ದೆ ರಾಶಿ. 2013ರಿಂದ ಒಂದು ಕಾನೂನು ಇದ್ದು: ಕರಾರಿನ ಕೆಲ್ಸ 5 ವರ್ಷ ದಾಟಿರೆ ಕಾಯಂ ಕರಾರು ಕೇಳಲಾಗ್ತು. ಯೂನಿವರ್ಸಿಟಿಯವಕ್ಕೆ ಮಾತ್ರ ಅದು 10 ವರ್ಷವರೆಗೂ ಹೋಗ್ತು. ಹಾಂಗಾಗಿ ಸಂಬಳದಕಿಂತ ಮೊದ್ಲು "ಎಷ್ಟು ವರ್ಷ? ಮುಂದುವರಿಸ್ತ್ರಾ?" ಹೇಳಿ ಕೇಳವು.

ಮದುವೆ ವಿಚಾರಕ್ಕೆ ಬಪ್ಪ. ಭಟ್ಕಳದ ಬದಿಂದ ಗಂಡಸ್ರು ಗಲ್ಫಿಗೆ ಹೋಪದು, ಹೆಂಡ್ತಿ ಹಿಂದೆ ಹೋಪದು ನಾವೆಲ್ಲ ನೋಡಿದ್ದೇ. ಅಲ್ಲಿ ಕೆಲ್ಸದ ವೀಸಾ ಇದ್ದ ಹೆಂಡ್ತಿ ಗಂಡನ್ನ ಕರಕೊಂಡು ಹೋಪಲೂ ಆಗ್ತು. ಅನುಮತಿ ತಗಂಡ್ರೆ ಅವ ವಾರಕ್ಕೆ 28 ಗಂಟೆ ಕೆಲ್ಸನೂ ಮಾಡ್ಲಕ್ಕು. ಅಕ್ಕ ತಂಗೀರೇ, ಕೂಸಿಗೆ ಗಂಡು ನೋಡಲೆ ಹೋದಾಗ ಇದನ್ನೂ ಒಂದು ಮಾತು ಕೇಳಿ: "ಮಾಣಿ ಹಿಂದೆ ಹೋಪಲೆ ತಯಾರಿದ್ನಾ?"