ಕನ್ನಡದ ತಂತ್ರಾಂಶಕ್ಕೆ ಕೈಗೂಡಿಸುವವರಾರು?

ನಾನು ವಾಸಿಸುವ ಸಿ.ವಿ. ರಾಮನ್ ನಗರದಲ್ಲಿ ಎರಡು ಬಗೆಯ ವಿದ್ಯಾವಂತರಿದ್ದಾರೆ. ರಕ್ಷಣಾ ಸಂಶೋಧನಾಲಯಗಳಲ್ಲಿ ರಾಡಾರು, ವಿಮಾನಯಂತ್ರಗಳಿಗಾಗಿ ದುಡಿಯುವವರದು ಒಂದು ಬಗೆ. ಅವರ ವಿದ್ಯೆ ಗುಟ್ಟಾಗಿಯೇ ಇರತಕ್ಕದ್ದು. ಬಾಗ್ಮನೆ ಟೆಕ್ ಪಾರ್ಕಿನಲ್ಲಿ ತಂತ್ರಾಂಶ ರಚಿಸುವವರದು ಇನ್ನೊಂದು. ಈ ಎರಡನೆಯವರು ದಿನವೂ ಬಳಸುವ ಸಲಕರಣೆಗಳಲ್ಲಿ ಎಷ್ಟೋ, ಗುಟ್ಟು ಮಾಡದೆ ಲೋಕಕ್ಕೆ ಬಿಟ್ಟುಕೊಟ್ಟವು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ತೊಡಗಿಸಿದ ಲಿನಕ್ಸ್, ಸಾವಿರಾರು ಕೈಗಳು ಕೂಡಿ ಬೆಳೆಯಿತು. ಇಂಥ ತಂತ್ರಾಂಶದ ಮೂಲವನ್ನು ಯಾರಾದರೂ ಓದಬಹುದು, ತಿದ್ದಬಹುದು, ಹಂಚಬಹುದು.

ಈ ಮುಕ್ತತೆಯಿಲ್ಲದೆ ಭಾಷೆಗೆ ಆಗುವ ನಷ್ಟವನ್ನು ಕನ್ನಡ ಅನುಭವಿಸಿದೆ. ‘ಬರಹ’, ‘ನುಡಿ’ಗಳ ಉಪಕಾರವನ್ನು ಮರೆಯಲಾಗದು; ಗಣಕದಲ್ಲಿ ಕನ್ನಡಿಗರ ಕೈ ಪಳಗಿಸಿದವು ಅವೇ. ಆದರೆ ಅಂದಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದ್ದವು. ಆ ಫಾಂಟಿಲ್ಲದ ಯಂತ್ರದಲ್ಲಿ ಪ್ರೌಢಪ್ರಬಂಧವೊಂದನ್ನು ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. 1991ರ ಮೊದಲ ಯೂನಿಕೋಡಿನಲ್ಲಿಯೇ ಕನ್ನಡಕ್ಕೆ ಸ್ಥಾನವಿದ್ದರೂ ಕಚೇರಿಗಳೂ ಮುದ್ರಣಾಲಯಗಳೂ ಹಳೆಯ ದಾರಿಯಲ್ಲಿಯೇ ಬಹುಕಾಲ ನಡೆದವು. ಆ ಬರಹಗಳನ್ನು ಬಿಡಿಸಿಕೊಳ್ಳಲು ಪರಿವರ್ತಕಗಳನ್ನು ಬರೆದು ಮುಕ್ತವಾಗಿ ಹಂಚಿದವರಲ್ಲಿ, ಸಂಬಳವಿಲ್ಲದೆ ದುಡಿದ ಯುವಕರೂ ಇದ್ದಾರೆ.

ಹಾಗಾದರೆ ಅಂಥವರು ಹೆಚ್ಚುವುದಿಲ್ಲವೇಕೆ? ಕನ್ನಡಾಭಿಮಾನ ಸಾಲದೆಂದು ಕೆಲವರು ಗೊಣಗುತ್ತಾರೆ. ನಾನು ಒಪ್ಪೆನು, ನವೆಂಬರಿನಲ್ಲಿ ಅಭಿಮಾನಕ್ಕೆ ಎಲ್ಲಿಯ ಬರ! ಕೊರತೆಯಿರುವುದು ಬಾಗಿಲಲ್ಲಿ. ಹೊಸಬನೊಬ್ಬ ಉತ್ಸಾಹದಿಂದ ತಿದ್ದುಪಡಿಯೊಂದನ್ನು ಕಳುಹಿಸುತ್ತಾನೆ. ಮೂರು ತಿಂಗಳು ಉತ್ತರವಿಲ್ಲ. ಅವನು ಮತ್ತೆ ಬರುವುದಿಲ್ಲ. ತಂತ್ರಾಂಶವೆಂದರೆ ಎಂಜಿನಿಯರರ ಸೊತ್ತೆಂಬ ಅಳುಕು ಮತ್ತೊಂದು ತಡೆ. ಆದರೆ ಫೈರ್‌ಫಾಕ್ಸಿನ ಕನ್ನಡ ಆವೃತ್ತಿಗೆ ಬೇಕಾದುದು ಕನ್ನಡ ಬಲ್ಲವರು. ‘ಸೇವ್’ ಎಂಬುದಕ್ಕೆ ‘ಉಳಿಸು’ ಸಾಕೇ, ‘ಕಾಪಿಡು’ ಮೇಲೇ? ಯಂತ್ರಜ್ಞನಿಗಿಂತ ಕನ್ನಡ ಪಂಡಿತರೇ ಇದನ್ನು ಬಲ್ಲರು. ಅವರನ್ನು ಕರೆಯದಿದ್ದಲ್ಲಿ ನಿಘಂಟಿನಿಂದ ಹೆಕ್ಕಿದ ಒಣ ಶಬ್ದಗಳು ತೆರೆಯ ಮೇಲೆ ಕುಳಿತು, ಓದುಗನು ಬೇಸತ್ತು ಇಂಗ್ಲಿಷಿಗೆ ಮರಳುತ್ತಾನೆ.

ನೆರೆಯವರನ್ನು ನೋಡಿ. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷಿಕರು 4.37 ಕೋಟಿ, ಮಲಯಾಳದವರು 3.48 ಕೋಟಿ. ವಿಕಿಪೀಡಿಯದಲ್ಲಿ ಮಾತ್ರ ಮಲಯಾಳದ ಲೇಖನಗಳು ನಮ್ಮವುಗಳ ಎರಡರಷ್ಟಕ್ಕೂ ಹೆಚ್ಚು. ಅಲ್ಲಿ ‘ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್’ ಎಂಬ ಬಳಗ ಎರಡು ದಶಕಗಳಿಗೂ ಮಿಕ್ಕಿ ಫಾಂಟು, ಅನುವಾದಗಳ ಕೆಲಸವನ್ನು ಕೂಡಿ ನಡೆಸಿದೆ. ನಮ್ಮಲ್ಲಿಯೂ ‘ಸಂಚಯ’ದಂಥ ಬಳಗವುಂಟು; ಹೊರುವ ಹೆಗಲುಗಳು ಕಡಮೆ. ವಿ. ಕೃಷ್ಣ ಅವರು ದಶಕಗಟ್ಟಲೆ ದುಡಿದು ಸಿದ್ಧಪಡಿಸಿದ, ಒಂದೂವರೆ ಲಕ್ಷಕ್ಕೂ ಮಿಕ್ಕಿದ ಶಬ್ದಗಳ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ 2019ರಲ್ಲಿ ಮುಕ್ತವಾಗಿ ಲೋಕಕ್ಕೆ ದೊರೆಯಿತು. ಒಬ್ಬರೇ ಇಷ್ಟು ಮಾಡಿದರೆಂದು ಹಿಗ್ಗುವುದೋ, ಒಬ್ಬರೇ ಮಾಡಬೇಕಾಯಿತೆಂದು ನಾಚುವುದೋ, ತಿಳಿಯದು.

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ವರ್ಷಾಂತ್ಯದ ಪ್ರಾಜೆಕ್ಟುಗಳು ಅಂಕ ಗಳಿಸಿ ಕಪಾಟು ಸೇರುತ್ತವೆ. ಕನ್ನಡ ಫಾಂಟಿನ ಒಂದು ಒತ್ತಕ್ಷರದ ದೋಷವನ್ನು ಸರಿಪಡಿಸಿದುದನ್ನು, ಕಾಗುಣಿತ ಪರೀಕ್ಷಕಕ್ಕೆ ಸಾವಿರ ಶಬ್ದ ಸೇರಿಸಿದುದನ್ನು ವಿಶ್ವವಿದ್ಯಾಲಯವು ಪ್ರಾಜೆಕ್ಟೆಂದು ಎಣಿಸಲಿ. ಭಾಷಾವಿಭಾಗದ ವಿದ್ಯಾರ್ಥಿಯನ್ನೂ ಅದರಲ್ಲಿ ಜೊತೆಗೂಡಿಸಲಿ. ಇದಕ್ಕೆ ಹೊಸ ಅನುದಾನವೇನೂ ಬೇಕಿಲ್ಲ. ಪಠ್ಯಸಮಿತಿಯ ಒಂದು ಸಭೆ ಸಾಕು.