ಗಂಟೆಯ ದರವೂ ಪೂರ್ಣ ಬೆಲೆಯೂ

ಮನೆಯ ಹಿರಿಯರು ಹೇಳುವ ಕಥೆಗಳನ್ನೂ ಸಂಪ್ರದಾಯದ ಹಾಡುಗಳನ್ನೂ ಪಾಡ್‌ಕಾಸ್ಟ್ ರೂಪದಲ್ಲಿ ಉಳಿಸಿಕೊಳ್ಳಬೇಕೆಂಬ ಆಸೆ ಈಗ ಅನೇಕ ಕುಟುಂಬಗಳಲ್ಲಿ ಮೂಡಿದೆ. 2004ರಲ್ಲಿ ಹುಟ್ಟಿದ ಆ ಹೆಸರು ಇಂದು ಮನೆಮಾತಾಗಿದೆ. ಆದರೆ ಧ್ವನಿಮುದ್ರಣದ ಸ್ಟುಡಿಯೋಕ್ಕೆ ಹೋದವರಿಗೆ ಮೊದಲು ಎದುರಾಗುವುದು ದರದ ಪ್ರಶ್ನೆಯೇ.

ಗಂಟೆಗೆ ಇಷ್ಟು ರೂಪಾಯಿ ಎಂಬ ಅಂಕೆ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವುದು. ಕೋಣೆ, ಮೈಕು, ಯಂತ್ರದ ಮುಂದೆ ಕುಳಿತುಕೊಳ್ಳುವ ತಂತ್ರಜ್ಞ, ಇವು ಸಾಮಾನ್ಯವಾಗಿ ಅದರಲ್ಲಿ ಅಡಕವಾಗಿರುವುವು. ಹೊರಗಿನ ಸದ್ದು ಒಳಬಾರದಂತೆ, ಒಳಗಿನ ಮಾತು ಪ್ರತಿಧ್ವನಿಸದಂತೆ ಗೋಡೆಗಳನ್ನು ಸಿದ್ಧಪಡಿಸಿದ ವೆಚ್ಚವೂ, ಯಾರೂ ಬಾರದ ದಿನಗಳ ಬಾಡಿಗೆಯೂ ಅದರಿಂದಲೇ ಹುಟ್ಟಬೇಕು. ಆದುದರಿಂದ ಹಲವು ಕಡೆ ಎರಡು ಗಂಟೆಗೆ ಕಡಿಮೆ ಕೊಡುವುದಿಲ್ಲ. ಮೈಕುಗಳನ್ನು ಹೊಂದಿಸುವ ಹೊತ್ತೂ ಲೆಕ್ಕಕ್ಕೆ ಸೇರುವುದುಂಟು.

ಕೆಮ್ಮು, ತಡವರಿಕೆಗಳನ್ನು ತೆಗೆದು ಮಾತನ್ನು ಹದಗೊಳಿಸುವ ಸಂಕಲನ ಬೇರೆಯೇ ಕೆಲಸ. ಒಂದು ಗಂಟೆಯ ಮಾತನ್ನು ತಿದ್ದಲು ಹಲವು ಗಂಟೆ ಹಿಡಿಯಬಹುದು. ಕೆಲವರು ಇದಕ್ಕೆ ಸಿದ್ಧವಾದ ನಿಮಿಷವೊಂದಕ್ಕೆ ಇಷ್ಟೆಂದು ಪಡೆಯುವರು. ಹೆಚ್ಚಿನ ಮೈಕು, ವಿಡಿಯೋ ಕ್ಯಾಮೆರಾ, ಎರಡನೆಯ ಸಲದ ತಿದ್ದುಪಡಿ, ಇವಕ್ಕೂ ಪ್ರತ್ಯೇಕ ದರವಿರಬಹುದು.

ಉದಾಹರಣೆಗೊಂದು ಲೆಕ್ಕ. ಒಂದು ಸ್ಟುಡಿಯೋ ಗಂಟೆಗೆ 1,500 ರೂಪಾಯಿ ಹೇಳುವುದೆಂದು ಭಾವಿಸಬಹುದು. ಎರಡು ಗಂಟೆಗೆ 3,000, 45 ನಿಮಿಷದ ಕಾರ್ಯಕ್ರಮದ ಸಂಕಲನಕ್ಕೆ ನಿಮಿಷಕ್ಕೆ 60ರಂತೆ 2,700, ಶೇಕಡಾ 18ರ ಸರಕು ಮತ್ತು ಸೇವಾ ತೆರಿಗೆ 1,026, ಒಟ್ಟು 6,726. ಇನ್ನೊಂದು ಸ್ಟುಡಿಯೋ ಸಂಕಲನವೂ ಸೇರಿ ಗಂಟೆಗೆ 2,500 ಕೇಳಿದರೆ, ಎರಡು ಗಂಟೆಗೆ ತೆರಿಗೆಸಹಿತ 5,900 ಆಗುವುದು. ದುಬಾರಿಯೆಂದು ತೋರಿದ್ದೇ 826 ರೂಪಾಯಿ ಅಗ್ಗವಾಯಿತು!

ವಯಸ್ಸಾದ ಅಜ್ಜಿ ಎರಡು ಗಂಟೆ ಒಂದೇ ಸಮನೆ ಮಾತನಾಡಲಾರರು. ಅವರು ದಣಿವಾರಿಸಿಕೊಳ್ಳುವ ಹೊತ್ತಿಗೂ ಗಡಿಯಾರ ಓಡುತ್ತಲೇ ಇರುವುದು. ಹೇಳಬೇಕಾದ ಕಥೆಗಳ ಪಟ್ಟಿಯನ್ನು ಮನೆಯಲ್ಲಿಯೇ ಮಾಡಿಕೊಂಡು ಹೋದರೆ ಹಣವೂ ಉಳಿಯುವುದು, ಹಿರಿಯ ಜೀವಕ್ಕೆ ಆತುರವೂ ತಪ್ಪುವುದು.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯೊಂದುಂಟು: ತಿದ್ದದೆ ಇರುವ ಮೂಲ ಧ್ವನಿಮುದ್ರಿಕೆ ಯಾರದು? ಅದನ್ನು ಕೆಲಕಾಲ ಮಾತ್ರ ಇಟ್ಟುಕೊಂಡು ಅಳಿಸಿಬಿಡುವ ಸ್ಟುಡಿಯೋಗಳುಂಟು. ಅದರ ಪ್ರತಿಯನ್ನು ಕೊಡುವರೇ, ಅದಕ್ಕೆ ಬೇರೆ ಹಣವೇ ಎಂಬುದನ್ನು ಮುಂಗಡ ಕೊಡುವ ಮೊದಲೇ ಬರವಣಿಗೆಯಲ್ಲಿ ಪಡೆಯುವುದು ಒಳ್ಳೆಯದು. ಸಂಕಲನಕಾರನು ಅನಗತ್ಯವೆಂದು ಕತ್ತರಿಸಿದ ನಗುವೊಂದನ್ನೇ ಮೊಮ್ಮಕ್ಕಳು ಮುಂದೊಂದು ದಿನ ಹುಡುಕಬಹುದು.