ಉದ್ದ ಒಂದೇ, ದೋಣಿ ಬೇರೆ

ರಜೆ ಬಂತೆಂದರೆ ಗಾಳ, ಬುತ್ತಿ ಕಟ್ಟಿಕೊಂಡು ಉಜನಿ ಹಿನ್ನೀರಿನ ಕಡೆ ಹೊರಡುವವರಿಗೆ ದಂಡೆಯಲ್ಲಿ ಕೂತು ಬೇಸರವಾಗುವುದು ಸಹಜ. ನಾಲ್ಕು ಮಂದಿ ಗೆಳೆಯರು ಪಟ್ಟಿ ಹಾಕಿ ಸ್ವಂತ ದೋಣಿ ಕೊಳ್ಳುವ ಮಾತು ಆಗ ಶುರುವಾಗುತ್ತದೆ. ಎರಡು ದೋಣಿ ಕಣ್ಣಿಗೆ ಬೀಳುತ್ತವೆ ಎನ್ನೋಣ. ಎರಡೂ ಫೈಬರಿನವು, ಎರಡೂ 14 ಫೂಟು. ಒಂದರ ತಳ ಸಪಾಟು, ಇನ್ನೊಂದರದು ಚೂಪು. 'ಸೈಜು ಒಂದೇ ಐತಿ, ಅಗ್ಗದ್ದು ತಗೊಂಡ್ರಾತು' ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ತಪ್ಪುವುದು ಇಲ್ಲೇ.

ಸಪಾಟು ತಳದ ದೋಣಿ ಸ್ವಲ್ಪ ನೀರಿದ್ದರೂ ಸಾಗುತ್ತದೆ. ನಿಂತಲ್ಲಿ ಹೆಚ್ಚು ಓಲಾಡುವುದಿಲ್ಲ, ಗಾಳ ಬೀಸಲು ಅನುಕೂಲ. ಆದರೆ ಗಾಳಿ ಎದ್ದು ತೆರೆ ಬಂದರೆ ಅದರ ತಳ ನೀರಿಗೆ ಬಡಿಯುತ್ತದೆ, ನೀರು ಒಳಗೆ ಸಿಡಿಯುತ್ತದೆ. ಚೂಪು ತಳದ್ದು ತೆರೆಯನ್ನು ಸೀಳಿಕೊಂಡು ಹೋಗುತ್ತದೆ. ಅದಕ್ಕೆ ಹೆಚ್ಚು ಆಳ ಬೇಕು, ಹೆಚ್ಚು ಶಕ್ತಿಯ ಎಂಜಿನ್ ಬೇಕು, ನಿಂತಾಗ ತುಸು ಹೆಚ್ಚೇ ತೂಗುತ್ತದೆ. ಅಂದರೆ ದಂಡೆಯ ಹತ್ತಿರವೇ ಗಾಳ ಹಾಕುವವರಿಗೆ ಸಪಾಟು ತಳ ಸಾಕು. ನಡುನೀರಿಗೆ ಹೋಗುವ ಆಸೆ ಇದ್ದವರು ಚೂಪು ತಳವನ್ನೇ ನೋಡಬೇಕು.

ಇನ್ನು ಅಗಲದ ಲೆಕ್ಕ. ಎಂಜಿನ್ ಇರುವ ಸಣ್ಣ ದೋಣಿಗಳಿಗೆ ಅಮೆರಿಕದಲ್ಲಿ ಒಂದು ಸುಲಭ ಅಂದಾಜು ಬಳಕೆಯಲ್ಲಿದೆ. ಉದ್ದ, ಅಗಲ ಫೂಟಿನಲ್ಲಿ ಗುಣಿಸಿ 15ರಿಂದ ಭಾಗಿಸಬೇಕು. 14 ಫೂಟು ಉದ್ದ, ನಾಲ್ಕೂವರೆ ಫೂಟು ಅಗಲ ಇದ್ದರೆ ನಾಲ್ಕೇ ಮಂದಿ. ಅಗಲ ಐದೂವರೆ ಆದರೆ ಐದು ಮಂದಿ. ಇದೂ ಶಾಂತ ಹವೆಯ ಲೆಕ್ಕ. ದೋಣಿ ನಡೆಸುವವನೂ ಇದರಲ್ಲೇ ಬಂದ. ನಾಲ್ವರ ದೋಣಿಯಲ್ಲಿ 'ಅಡ್ಜಸ್ಟ್ ಮಾಡ್ಕೊಳ್ರಿ' ಎಂದು ಆರು ಮಂದಿ ಕೂತರೆ ಅಂಚು ನೀರಿನ ಮಟ್ಟಕ್ಕೇ ಬರುತ್ತದೆ.

ಇದು ಬರೀ ಹೆದರಿಸುವ ಮಾತಲ್ಲ. 2024ರ ಮೇ 21ರಂದು ಕರಮಾಳಾ ತಾಲೂಕಿನ ಕುಗಾವದಿಂದ ಇಂದಾಪುರ ತಾಲೂಕಿನ ಕಳಾಶಿಗೆ ಹೊರಟ ದೋಣಿ ಇದೇ ಉಜನಿಯಲ್ಲಿ ಬಿರುಗಾಳಿಗೆ ಸಿಕ್ಕು ಮಗುಚಿತು. ಆರು ಮಂದಿ ಸತ್ತರು, ಒಬ್ಬರು ಈಜಿ ದಡ ಸೇರಿದರು. ಅದು ಮೀನಿನ ದೋಣಿಯಲ್ಲ, ಜನ ದಾಟಿಸುವ ದೋಣಿ. ಆದರೆ ವಳೀವ ಮಳೆಯ ಗಾಳಿ ಯಾವ ದೋಣಿ ಎಂದು ಕೇಳಿ ಬೀಸುವುದಿಲ್ಲ.

ಹೀಗಾಗಿ ರೇಟು ಕೇಳುವ ಮೊದಲು ಮೂರು ಮಾತು ಕೇಳಬೇಕು. ಅಗಲ ಎಷ್ಟು? ಮಂದಿ ಕೂತ ಮೇಲೆ ಅಂಚು ನೀರಿನಿಂದ ಎಷ್ಟು ಮೇಲೆ ಉಳಿಯುತ್ತದೆ? ನೀರು ತುಂಬಿದರೂ ತೇಲುವಂತೆ ಒಳಗೆ ಫೋಮ್ ತುಂಬಿದ್ದಾರೋ ಇಲ್ಲವೋ? ಮರದ ಹಳೇ ದೋಣಿ ಮಗುಚಿದರೂ ಹಿಡಿದುಕೊಳ್ಳಲು ತೇಲುತ್ತಿತ್ತು. ಫೋಮ್ ಇಲ್ಲದ ಫೈಬರ್ ದೋಣಿ ನೀರು ತುಂಬಿದರೆ ತಳ ಸೇರುತ್ತದೆ. ಎಂಜಿನ್ ಕೂಡಿಸುವುದಾದರೆ 2021ರ ಒಳನಾಡು ನೌಕೆಗಳ ಕಾಯ್ದೆಯಂತೆ ತಪಾಸಣೆ, ನೋಂದಣಿಯೂ ಆಗಬೇಕು.

ಆಡಳಿತದ ಪಾಲಿನ ಕೆಲಸವೂ ಇದೆ. ಪ್ರತಿ ದೋಣಿಯ ಮೈಮೇಲೆ ಎಷ್ಟು ಮಂದಿ ಎಂಬುದನ್ನು ದೊಡ್ಡ ಅಕ್ಷರದಲ್ಲಿ ಬರೆಸಲಿ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದಿಂದ ಹೋಗುವ ಕನ್ನಡಿಗರಿಗೂ ತಿಳಿಯುವಂತೆ ಮರಾಠಿಯ ಜೊತೆ ಕನ್ನಡದಲ್ಲೂ ಇರಲಿ. ದೋಣಿಯಲ್ಲಿ ಉಳಿಸಿದ ನಾಲ್ಕು ಸಾವಿರ ಲಾಭವಲ್ಲ. ಆ ದುಡ್ಡಿಗೆ ಮೊದಲು ತಲೆಗೊಂದರಂತೆ ಲೈಫ್ ಜಾಕೆಟ್ ಬರಲಿ.